ಚನಬಸಪ್ಪನವರ ಬಿಲ್ವ ಬೇಸಾಯ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಚನಬಸಪ್ಪನವರು ತಮ್ಮ ಜೀವಮಾನದಲ್ಲಿ ಬಹಳ ಜನಕ್ಕೆ ಹೇಳಿದ್ದರು. ಅದು ತಮಗೂ ಅನ್ವಯಿಸುತ್ತದೆಂದು ಅವರಿಗೆ ತಿಳಿದದ್ದು ದಾವಣಗೆರೆಯಲ್ಲಿ, ಹೆಂಡತಿಯ ತಮ್ಮ ಸಂಗಣ್ಣನ ಮನೆಯ ಪಂಕ್ತಿಯಲ್ಲಿ, ಎರಡನೆಯ ಸಲ ಪಾಯಸ ಬಡಿಸುವ ಹೊತ್ತಿಗೆ.

ಅಂದು ಸಂಗಣ್ಣ ತನ್ನ ಮಾವನ ಪುಣ್ಯಸ್ಮರಣೆ ಇಟ್ಟುಕೊಂಡಿದ್ದ. ಬಂದವರಿಗೆಲ್ಲ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಹಂಚಿದ್ದ. ಹಂಚಿದ್ದು ಸಾಲದೆಂದು ಪಾಯಸದ ಬಕೆಟ್ಟು ಹಿಡಿದು ಎಲೆಯೆಲೆಗೂ ಬಂದು ಡಬ್ಬಿಯ ದಪ್ಪವನ್ನು ವಿವರಿಸುತ್ತಿದ್ದ. ಚನಬಸಪ್ಪನವರ ಎಲೆಯ ಮುಂದೆ ನಿಂತು ಕೇಳಿದ: "ಏನ್ ಭಾವ, ಮಾಘದಾಗೆ ಅಕ್ಕನ ವರ್ಷದ ಪುಣ್ಯಸ್ಮರಣೆಗೆ ನೀವೇನು ಕೊಡ್ತೀರಿ? ಡಬ್ಬಿ ಬೇಕಿದ್ರೆ ಹೇಳ್ರಿ, ನಂಗೊತ್ತಿರೋ ಅಂಗಡಿ ಐತಿ."

ಶಿವಲಿಂಗಮ್ಮನವರು ಲಿಂಗೈಕ್ಯರಾದ ಮೇಲೆ ಚನಬಸಪ್ಪನವರು ಊಟ ಮಾಡಿದರೋ ಇಲ್ಲವೋ ಎಂಬುದನ್ನೇ ಮಗಳು ನೆನಪಿಸಬೇಕಾಗಿತ್ತು. ಯಾರಿಗೆ ಏನು ಕೊಡಬೇಕೆಂದು ಅವರು ಯೋಚಿಸಿರಲಿಲ್ಲ. ಆದರೆ ಇಡೀ ಪಂಕ್ತಿ ಕಿವಿಗೊಟ್ಟು ಕುಳಿತಿತ್ತು.

"ಡಬ್ಬಿಗಿಬ್ಬಿ ನಮಗೆ ಬೇಡಪ್ಪ ಸಂಗಣ್ಣ" ಎಂದರು. "ನಿಮ್ಮಕ್ಕ ತನ್ನ ಕೈಯಾರೆ ಬಿಲ್ವದ ಬೀಜ ಕೂಡಿಟ್ಟು ಹೋಗಿದಾಳೆ. ಬಂದೋರಿಗೆಲ್ಲ ಒಂದೊಂದು ಬಿಲ್ವದ ಸಸಿ. ಅಂಗಡೀದಲ್ಲ, ಮನೇಲೇ ಬೆಳೆಸಿದ್ದು."

ಎದುರು ಸಾಲಿನ ಮುದುಕಿಯೊಬ್ಬಳು ಎಂಜಲು ಕೈಯಲ್ಲೇ ನಮಸ್ಕಾರ ಮಾಡಿದಳು. "ಕೊಟ್ರೆ ಹಂಗೆ ಕೊಡಬೇಕು ನೋಡು" ಎಂದು ಯಾರೋ ಹಿರಿಯರು ಹೇಳಿದರು. ಸಂಗಣ್ಣ ಅವರಿಗೆ ಪಾಯಸ ಬಡಿಸದೆಯೇ ಮುಂದೆ ಹೋದ. ಚನಬಸಪ್ಪನವರ ನಿದ್ದೆಯೂ ಆ ಬಕೆಟ್ಟಿನ ಹಿಂದೆಯೇ ಹೋಯಿತು.

ಬೀಜವಿದ್ದದ್ದು ಸುಳ್ಳಲ್ಲ. ಸಿಂಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ, ಮಗಳು ಶೈಲಜಾಳ ಮನೆಯ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಹಿಂದೆ ಶಿವಲಿಂಗಮ್ಮನವರು ಬಟ್ಟೆ ಕಟ್ಟಿ ಇಟ್ಟಿದ್ದ ಹಿತ್ತಾಳೆಯ ಭರಣಿಯೊಂದಿತ್ತು. ಅದರ ತುಂಬ ಬೀಜ. ಪೀಣ್ಯದ ಕಾರ್ಖಾನೆಯ ಸ್ಟೋರ್ಸಿನಲ್ಲಿ ನೌಕರಿಯೆಲ್ಲ ಕಳೆದ ಚನಬಸಪ್ಪನವರಿಗೆ ಒಂದು ನಂಬಿಕೆ: ಯಾವ ಹಲಗೆಯ ಮೇಲೆ ಏನಿರಬೇಕೋ ಅದೇ ಇರುತ್ತದೆ. ಜಗಲಿಯ ಮೇಲಿನ ಬೀಜವೆಂದರೆ ಬಿಲ್ವದ ಬೀಜ. ಇದಕ್ಕೆ ಬೇರೆ ಪ್ರಮಾಣ ಬೇಕಿರಲಿಲ್ಲ.

ಮೊಸರಿನ ಲೋಟಗಳಿಗೆ ಮಣ್ಣು ತುಂಬಿ, ಪಂಚಾಕ್ಷರಿ ಹೇಳಿಕೊಳ್ಳುತ್ತ ಬೀಜ ಊರಿ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರು. ಪುಷ್ಯ ಮಾಸದ ಚಳಿ. ಹೊಸೂರು ರಸ್ತೆಯ ಕಡೆಯಿಂದ ಬೀಸುವ ಗಾಳಿ. ಬೆಳಿಗ್ಗೆ ಎದ್ದರೆ ಮಣ್ಣು, ಸಂಜೆ ನೋಡಿದರೂ ಅದೇ ಮಣ್ಣು. ಬೇಗೂರಿನ ನರ್ಸರಿಯವನನ್ನು ಕೇಳಿದರು. "ಈ ಚಳೀಲಿ ಎಲ್ಲಿ ಬರುತ್ತೆ ಸಾರ್? ಹಗಲೂ ರಾತ್ರಿ ಬೆಚ್ಚಗಿರ್ಬೇಕು. ಇಲ್ಲಾಂದ್ರೆ ಬೀಜ ಕೊಳೆತು ಹೋಗುತ್ತೆ" ಎಂದ. ಭರಣಿಯಲ್ಲಿದ್ದ ಬೀಜವೆಲ್ಲ ಮಣ್ಣಿಗೆ ಹೋಗಿತ್ತು. ಇದು ಕೊಳೆತರೆ ಅವಳು ಇಟ್ಟು ಹೋದದ್ದು ಇನ್ನೊಂದಿಲ್ಲ.

ಅಡುಗೆಮನೆಯ ಹಿಂದಿನ ಸಾಮಾನು ಕೋಣೆಗೆ ಚನಬಸಪ್ಪನವರು ಹೋದದ್ದು ಒಂದು ಗೋಣಿಚೀಲಕ್ಕಾಗಿ. ಆ ಕೋಣೆಯಲ್ಲಿ ಅಳಿಯ ರುದ್ರೇಶ್ ಒಂದು ಕಂಪ್ಯೂಟರ್ ಇಟ್ಟಿದ್ದ. ಮನೆಯ ಸರ್ವರ್ ಎನ್ನುತ್ತಿದ್ದ. ನಮ್ಮ ಮದುವೆಯ ಫೋಟೋ ಬೇರೆಯವರ ಕಂಪ್ಯೂಟರಿನಲ್ಲಿ ಏಕಿರಬೇಕು ಎಂಬುದು ಅವನ ವಾದ. ಶೈಲಜಾ ಅದನ್ನು ಮೆಚ್ಚಿಕೊಂಡಿದ್ದಳು. ಚನಬಸಪ್ಪನವರು ಬಾಗಿಲು ತೆರೆದರು. ಬೇಕರಿಯ ಒಲೆ ತೆರೆದ ಹಾಗಾಯಿತು. ಒಳಗೆ ಫ್ಯಾನುಗಳ ಭೋರಿಡುವ ಸದ್ದು, ನೀಲಿ ಗುಲಾಬಿ ಬೆಳಕು. ಕಿಟಕಿಗೆ ಹಳೆಯ ಬೆಡ್‌ಶೀಟು.

ರುದ್ರೇಶ್ ಓಡಿ ಬಂದ. "ಮಾವ, ಬಾಗ್ಲು ಹಾಕಿ, ಬಾಗ್ಲು ಹಾಕಿ!"

"ಫೋಟೋ ಇಡೋದಕ್ಕೆ ಇಷ್ಟು ಕಾವು ಯಾಕೆ ಅಳಿಯಂದ್ರೇ?"

ರುದ್ರೇಶ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಟಿಫಿನ್ ಕ್ಯಾರಿಯರ್ ಅಂದ್ಕೊಳ್ಳಿ ಮಾವ. ಕ್ಯಾರಿಯರ್ ಒಂದೇ, ಡಬ್ಬಿ ಬೇರೆ ಬೇರೆ. ಕಂಟೇನರ್ ಅಂತೀವಿ. ಒಂದರಲ್ಲಿ ಫೋಟೋ, ಒಂದರಲ್ಲಿ ಹಾಡು. ಒಂದರಲ್ಲಿ ಸಾರು ಚೆಲ್ಲಿದ್ರೂ ಇನ್ನೊಂದರ ಅನ್ನಕ್ಕೆ ತಾಗಲ್ಲ."

"ಮೂರನೇ ಡಬ್ಬೀಲಿ?"

"ಮೂರನೇದರಲ್ಲಿ ಕ್ರಿಪ್ಟೋ, ಕಂಪ್ಯೂಟರ್ ನಾಣ್ಯ. ಈ ಗ್ರಾಫಿಕ್ಸ್ ಕಾರ್ಡ್‌ಗಳು ಇಪ್ಪತ್ನಾಲ್ಕು ಗಂಟೆ ಲೆಕ್ಕ ಬಿಡಿಸ್ತಾ ಇರ್ತವೆ. ಸರಿಹೋದ್ರೆ ನಾಣ್ಯ ಬರುತ್ತೆ. ಅದಕ್ಕೇ ಈ ಕಾವು."

"ನಾಣ್ಯ ಎಲ್ಲಿ?"

"ಕಣ್ಣಿಗೆ ಕಾಣಲ್ಲ ಮಾವ."

"ಖರ್ಚಿಗೆ ಆಗುತ್ತೋ?"

"ಬೆಲೆ ಏರ್ಬೇಕು."

"ಶೈಲಜಂಗೆ ಗೊತ್ತೋ?"

"ನಿಮ್ಮ ಕಾಲಿಗೆ ಬೀಳ್ತೀನಿ ಮಾವ."

ಕಣ್ಣಿಗೆ ಕಾಣದ ದೇವರನ್ನು ಅರವತ್ತು ವರ್ಷ ನಂಬಿದವರಿಗೆ ಕಣ್ಣಿಗೆ ಕಾಣದ ನಾಣ್ಯವನ್ನು ನಂಬುವುದು ಕಷ್ಟವೇನಲ್ಲ. ಆದರೆ ಚನಬಸಪ್ಪನವರು ನಾಣ್ಯವನ್ನು ಯೋಚಿಸುತ್ತಿರಲಿಲ್ಲ. ಯಂತ್ರದ ಬೆನ್ನಿಗೆ ಅಂಗೈ ಒಡ್ಡಿ ನಿಂತಿದ್ದರು. ಕಾವು ಹದವಾಗಿತ್ತು.

ಅಲ್ಲಿಯೇ ಒಪ್ಪಂದವಾಯಿತು. ಮಾವ ಮೂರನೆಯ ಡಬ್ಬಿಯ ಸುದ್ದಿಯನ್ನು ಮಗಳಿಗೆ ಹೇಳತಕ್ಕದ್ದಲ್ಲ. ಅಳಿಯ ಸಸಿ ಕೊಡುವ ದಿನದವರೆಗೆ ಆ ಡಬ್ಬಿಯನ್ನು ನಿಲ್ಲಿಸತಕ್ಕದ್ದಲ್ಲ. ಮೊಸರಿನ ಲೋಟಗಳು ಯಂತ್ರದ ಹಿಂದಿನ ಹಲಗೆಗೆ ಬಂದವು. "ಒಂದು ಹನಿ ನೀರು ಒಳಗೆ ಬಿದ್ರೆ ನನ್ನ ಕಥೆ ಮುಗೀತು" ಎಂದು ಅಳಿಯ ಅಂಗಲಾಚಿದ್ದರಿಂದ ಮಾವ ಪೂಜೆಯ ಉದ್ಧರಣೆಯಲ್ಲಿ ಒಂದೊಂದೇ ತೊಟ್ಟು ನೀರು ಬಿಡತೊಡಗಿದರು. ಪ್ರಪಂಚದಲ್ಲಿ ಇಷ್ಟು ಭಕ್ತಿಯಿಂದ ನಡೆದ ನಾಣ್ಯದ ವ್ಯವಹಾರ ಬೇರೊಂದು ಇರಲಾರದು.

ಶಿವ ದೊಡ್ಡವನು. ಮೊಳಕೆ ಬಂದವು. ಮೊದಲು ಒಂದು, ಮರುದಿನ ನಾಲ್ಕು, ಆಮೇಲೆ ಹಲಗೆಯ ಉದ್ದಕ್ಕೂ. ಪ್ರತಿಯೊಂದಕ್ಕೂ ಪುಟ್ಟದಾದ ಎರಡು ಎಲೆ. ಚನಬಸಪ್ಪನವರಿಗೆ ಈಗ ಹೊಸ ಹೆದರಿಕೆ ಹತ್ತಿಕೊಂಡಿತು: ದೃಷ್ಟಿಯದು. ಎಳೆಯ ಸಸಿಯನ್ನು ಕಂಡವರೆಲ್ಲ ನೋಡಬಾರದು. ಬಾಗಿಲಿಗೆ ಬೀಗ ಹಾಕಿದರು. ಬೆಳಿಗ್ಗೆ ಸಂಜೆ ಧೂಪ ಹಾಕಿದರು. ಗೊಬ್ಬರವನ್ನು ಕಾಗದದ ಪೊಟ್ಟಣದಲ್ಲಿ ಅಂಗಿಯೊಳಗೆ ಬಚ್ಚಿಟ್ಟು ತಂದರು.

ಎದುರು ಮನೆಯಲ್ಲಿ ನಾಗಲಕ್ಷ್ಮಮ್ಮ ಎಂಬವರು ಇದ್ದರು. ಅವರ ಅಡುಗೆಮನೆಯಿಂದ ಈ ಕೋಣೆಯ ಕಿಟಕಿಯೂ ಬೆಡ್‌ಶೀಟಿನ ಹಿಂದೆ ರಾತ್ರಿಯೆಲ್ಲ ಉರಿಯುವ ಗುಲಾಬಿ ಬೆಳಕೂ ಕಾಣುತ್ತಿದ್ದವು. ಟೀವಿಯ ಅಪರಾಧ ವಾರ್ತೆಯನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಯಾವುದೋ ಫ್ಲ್ಯಾಟಿನಲ್ಲಿ ದೀಪ ಹಾಕಿ ಗಾಂಜಾ ಬೆಳೆಯುತ್ತಿದ್ದವರನ್ನು ಹಿಡಿದ ಸುದ್ದಿ ಆ ವಾರವೇ ಬಂದಿತ್ತು. ಲಿಫ್ಟಿನಲ್ಲಿ ಚನಬಸಪ್ಪನವರು ಸಿಕ್ಕಿದರು.

"ಏನ್ರೀ ಚನಬಸಪ್ನೋರೇ, ಕೈಯೆಲ್ಲಾ ಮಣ್ಣು?"

ಚನಬಸಪ್ಪನವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಮಣ್ಣೇ? ಇಲ್ಲವಲ್ಲ."

"ಮನೇಲಿ ಏನೋ ಬೆಳೀತಿದ್ದೀರ?"

"ನಾವೇ? ಛೇ, ಈ ವಯಸ್ಸಲ್ಲಿ ಏನು ಬೆಳೆಯೋದಮ್ಮ."

"ಮತ್ತೆ ಧೂಪ ಯಾಕ್ರೀ ಆ ಪಾಟಿ? ಏನೋ ವಾಸನೆ ಮುಚ್ಚೋ ಹಾಗೆ?"

ಗೊಬ್ಬರದ ಸುಳಿವು ಹತ್ತಿತೆಂದು ಚನಬಸಪ್ಪನವರ ಭಯ. "ಯಾಕೆ, ವಾಸನೆ ನಿಮ್ಮನೆವರೆಗೂ ಬಂತೇ?" ಎಂದು ಕೇಳಿಬಿಟ್ಟರು. ನಾಗಲಕ್ಷ್ಮಮ್ಮನವರಿಗೆ ಇನ್ನೇನು ಬೇಕು? ತಮ್ಮ ಮಹಡಿ ಬರುವ ಮೊದಲೇ ಗುಂಡಿ ಒತ್ತಿ ಇಳಿದುಹೋದರು.

ಒಂದು ಸೋಮವಾರ ಬೆಳಗಿನಿಂದ ಕರೆಂಟು ಹೋಗಿ, ಇಡೀ ಕಟ್ಟಡ ಜನರೇಟರಿನ ಮೇಲೆ ನಡೆಯುತ್ತಿತ್ತು. ಶೈಲಜಾ ತನ್ನ ಬ್ಯಾಂಕಿನಲ್ಲಿ ಕುಳಿತು ಮೊಬೈಲಿನಲ್ಲಿ ವಿದ್ಯುತ್ ಬಿಲ್ ನೋಡಿದಳು. ಕೂಡಲೇ ಗಂಡನಿಗೆ ಫೋನು ಮಾಡಿದಳು: "ನಮ್ಮ ಮದುವೆ ಫೋಟೋ ಇಷ್ಟೊಂದು ಕರೆಂಟ್ ಕುಡಿಯುತ್ತಾ ರುದ್ರೇಶ್?" ರುದ್ರೇಶ್ ಆಫೀಸಿನಿಂದಲೇ ಮೂರನೆಯ ಡಬ್ಬಿಯನ್ನು ನಿಲ್ಲಿಸಿಬಿಟ್ಟ.

ಚನಬಸಪ್ಪನವರು ಪೂಜೆಯಲ್ಲಿದ್ದರು. ಭೋರಿಡುವ ಸದ್ದು ಹಠಾತ್ತನೆ ನಿಂತಿತು. ಎದ್ದು ಓಡಿದರು. ಯಂತ್ರದ ಬೆನ್ನು ಆರುತ್ತಿತ್ತು. ಅಳಿಯನಿಗೆ ಫೋನು ಮಾಡಿದರು.

"ಅಳಿಯಂದ್ರೇ! ಯಂತ್ರ ಉಸಿರು ಬಿಟ್ಟಿದೆ!"

"ಮೀಟಿಂಗಲ್ಲಿದ್ದೀನಿ ಮಾವ. ನಾನೇ ನಿಲ್ಸಿದ್ದು. ಶೈಲು ಬಿಲ್ ನೋಡ್ಬಿಟ್ಳು."

"ಸಸಿಗಳ ಗತಿ?"

"ಒಂದೆರಡು ದಿನ ಕಂಬಳಿ ಹೊದಿಸಿ ಮಾವ."

"ಸಸಿಗೆ ಕಂಬಳಿಯೇ? ನಿಮ್ಮತ್ತೆಗೆ ಏನು ಹೇಳಲಿ ನಾನು?"

ತೀರಿಕೊಂಡ ಅತ್ತೆಯ ಹೆಸರು ಬಂದ ಮೇಲೆ ಯಾವ ಅಳಿಯನಿಗೆ ತಾನೆ ಎದುರಾಡಲು ಬಾಯಿ ಬಂದೀತು? "ಆಯ್ತು, ಆಯ್ತು. ಟೀವಿ ಹತ್ರ ಹಳೇ ಟ್ಯಾಬ್ ಇದೆ. ಅದರಲ್ಲಿ ಡಬ್ಬಿಗಳೆಲ್ಲ ಸಾಲಾಗಿ ಕಾಣ್ತವೆ. ಮೂರನೇದರ ಮುಂದೆ ಹಸಿರು ಗುಂಡಿ. ಒಂದೇ ಸಲ ಒತ್ತಿ ಮಾವ. ಒಂದೇ ಸಲ."

ಒಂದೇ ಸಲ ಒತ್ತಿದರು. ಏನೂ ಆಗಲಿಲ್ಲ. ಸ್ಟೋರ್ಸಿನ ಅನುಭವದಲ್ಲಿ ಒಂದು ಚೀಟಿಗೆ ಸಾಮಾನು ಬರದಿದ್ದರೆ ಇನ್ನೊಂದು ಚೀಟಿ ಬರೆಯಬೇಕು. ಇನ್ನೊಮ್ಮೆ ಒತ್ತಿದರು. ಆಮೇಲೆ ಕೆಳಗಿನದನ್ನು ಒತ್ತಿದರು. ಅದರ ಕೆಳಗೆ ರುದ್ರೇಶ್ ಪ್ರಯೋಗಕ್ಕೆಂದು ಮಾಡಿ ಮೂಲೆಗೆ ಹಾಕಿದ್ದ ಡಬ್ಬಿಗಳಿದ್ದವು. ಅವೂ ನಾಣ್ಯದವೇ. ಚನಬಸಪ್ಪನವರು ಶಿವ ಶಿವಾ ಎನ್ನುತ್ತ ಹಸಿರಾಗಿ ಕಂಡದ್ದನ್ನೆಲ್ಲ ಒತ್ತಿದರು. ಇದ್ದಬದ್ದ ಕಾರ್ಡುಗಳೆಲ್ಲ ಒಟ್ಟಿಗೆ ಎದ್ದು, ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಮೊರೆಯಿತು. ಕೆಳಗೆ ಜನರೇಟರು ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು.

ಲಿಫ್ಟಿನಲ್ಲಿದ್ದವರು ಇಬ್ಬರು: ಅಸೋಸಿಯೇಷನ್ನಿನ ಕಾರ್ಯದರ್ಶಿ ನೀಲಪ್ಪನವರು, ಮತ್ತು ಅವರಿಗೆ ಗಾಂಜಾದ ಅನುಮಾನವನ್ನು ಹೇಳಲು ಆಗತಾನೇ ಬಾಯಿ ತೆರೆದಿದ್ದ ನಾಗಲಕ್ಷ್ಮಮ್ಮನವರು. ಬೇರೆ ದಿನವಾಗಿದ್ದರೆ ನೀಲಪ್ಪನವರು ಅರ್ಧ ಕೇಳಿ ಜಾರಿಕೊಳ್ಳುತ್ತಿದ್ದರು. ಅಂದು ಜಾರಲು ದಾರಿಯಿರಲಿಲ್ಲ. ಕತ್ತಲೆಯಲ್ಲಿ ಕೇಳಿದ ಮಾತಿಗೆ ಬಲ ಹೆಚ್ಚು. ಕಾವಲುಗಾರ ಬಾಗಿಲು ಮೀಟಿ ಹೊರಗೆಳೆಯುವ ಹೊತ್ತಿಗೆ ನೀಲಪ್ಪನವರಿಗೆ ಚನಬಸಪ್ಪನವರು ಅಂತರರಾಜ್ಯ ಜಾಲವೊಂದರ ಮುಖಂಡರಾಗಿ ಕಾಣುತ್ತಿದ್ದರು.

"ಬಾಗ್ಲು ತೆಗೀರಿ ಸಾರ್! ಯಾವ ರೂಮದು? ಬೀಗ ತೆಗೀರಿ!"

ಕರೆಂಟು ಅದೇ ಕ್ಷಣ ಬಂತು. ಬೀಗ ತೆರೆದರೆ ಗುಲಾಬಿ ಬೆಳಕು, ಬಿಸಿಗಾಳಿ, ಧೂಪದ ಹೊಗೆ, ಸಾಲಾಗಿ ಹಸಿರು ಸಸಿ. ನಾಗಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನಾನ್ ಹೇಳ್ಲಿಲ್ವೇನ್ರೀ? ಟೀವೀಲಿ ತೋರ್ಸಿದ್ದು ಇದೇ! ಇದೇ ಬಣ್ಣ!"

"ಏನ್ ಸಾರ್ ಇದು?" ಎಂದು ನೀಲಪ್ಪ ಗುಡುಗಿದರು.

"ಶಿವನಿಗೆ ಪ್ರಿಯವಾದದ್ದು ಕಣ್ರೀ" ಎಂದರು ಚನಬಸಪ್ಪನವರು, ಸಸಿಗಳಿಗೆ ಅಡ್ಡ ನಿಂತು. "ಮಾಘದಲ್ಲಿ ಬಂಧುಬಳಗಕ್ಕೆಲ್ಲ ಹಂಚಬೇಕು. ನಿಮಗೂ ಕೊಡ್ತೀನಿ."

ನೀಲಪ್ಪನವರು ಪೊಲೀಸರಿಗೆ ಫೋನು ಮಾಡಿದರು.

ಬಂದವರು ಹೆಡ್ ಕಾನ್‌ಸ್ಟೇಬಲ್ ಈರಪ್ಪ, ಬಾಗಲಕೋಟೆ ಕಡೆಯವರು. ಹಣೆಯ ಮೇಲೆ ವಿಭೂತಿ ಇತ್ತು. ಚನಬಸಪ್ಪನವರ ಹಣೆಯಲ್ಲೂ ಇತ್ತು. ಎರಡು ಹಣೆಗಳೂ ಒಂದನ್ನೊಂದು ಸ್ವಲ್ಪ ಹೊತ್ತು ನೋಡಿದವು.

"ಏನ್ರೀ ಯಜಮಾನ್ರ, ಏನು ಬೆಳಿ ಇದು?"

"ಬಿಲ್ವ."

"ಬಿಲ್ವಕ್ಕ ಮೂರು ದಳ ಇರ್ತಾವ. ಇವಕ್ಕ ಎಲ್ಲಿ ಅದಾವ?"

"ಎಳೆಯದು ಸ್ವಾಮಿ. ಮೊದಲು ಒಂಟಿ ಎಲೆ ಬರುತ್ತೆ, ಆಮೇಲೆ ಮೂರು. ನರ್ಸರಿಯವನು ಹೇಳಿದಾನೆ. ನನ್ನ ಹೆಂಡತಿ ಇಟ್ಟು ಹೋದ ಬೀಜ. ಅವಳ ಪುಣ್ಯಸ್ಮರಣೆಗೆ."

"ಒಂದು ಕಿತ್ತು ಲ್ಯಾಬಿಗೆ ಕಳ್ಸಿ ಸಾರ್" ಎಂದರು ನೀಲಪ್ಪ.

ಈರಪ್ಪ ಕೈ ಚಾಚಿದವರು ಸಟ್ಟನೆ ಹಿಂದೆಗೆದರು. "ಇವತ್ತು ಸೋಮವಾರ. ಬಿಲ್ವ ಆಗಿದ್ರ ಕೀಳೂದು ಪಾಪ. ಗಾಂಜಾ ಆಗಿದ್ರ ಬಿಡೂದು ಪಾಪ."

ಲೋಟಗಳನ್ನು ಒಂದೊಂದಾಗಿ ಎಣಿಸಿದರು. ಕೊನೆಗೆ ತೀರ್ಪು ಬಂತು. "ಎಲಿ ಬಲೀಲಿ. ಮೂರು ಬಂದ್ರ ನಾನಽ ಕೈ ಮುಗೀತೀನಿ. ಗಾಂಜಾದ ಹಂಗ ಐದೋ ಏಳೋ ದಳ ಬಂದ್ರ ಯಜಮಾನ್ರು ನನ್ನ ಕೂಡ ಸ್ಟೇಷನ್ನಿಗೆ ಬರಬೇಕು. ಅಲ್ಲೀತನಕ ಒಂದು ಸಸಿನೂ ಸಾಯಬಾರದು, ಸತ್ತರ ಸಾಕ್ಷಿ ನಾಶ. ಈ ಮಷೀನು ಹೆಂಗ ಐತೋ ಹಂಗಽ ನಡೀಬೇಕು. ಕರೆಂಟು ಹೋದ್ರ ಜನರೇಟರ್ ಕೊಡೂದು ಕಾರ್ಯದರ್ಶಿಗಳ ಜವಾಬ್ದಾರಿ."

"ನನ್ ಜವಾಬ್ದಾರೀನಾ?" ಎಂದರು ನೀಲಪ್ಪ.

"ಫೋನ್ ಮಾಡಿದವರು ನೀವಽ ಅಲ್ಲೇನ್ರೀ?"

ಒಂದೇ ದಳ ಬಂದರೆ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ಕಾನೂನು ಅದನ್ನು ಊಹಿಸಿರಲಿಲ್ಲ.

ಸಂಜೆ ಶೈಲಜಾ ಮನೆಗೆ ಬಂದಾಗ ಎಲ್ಲ ಗುಟ್ಟುಗಳೂ ಒಟ್ಟಿಗೆ ಸೋಫಾದ ಮೇಲೆ ಕುಳಿತಿದ್ದವು. "ಅಪ್ಪ, ಇದೇನು? ರುದ್ರೇಶ್, ಇದೇನು?" ಎಂದು ಕೇಳಿದಳು. ಮಾವ ಅಳಿಯನ ಕಡೆಗೂ ಅಳಿಯ ಮಾವನ ಕಡೆಗೂ ಬೆರಳು ತೋರಿಸಿದರು. ನಾಣ್ಯದ ಕಥೆಯನ್ನು ಆದಿಯಿಂದ ಕೇಳಿದ ಮೇಲೆ ಶೈಲಜಾ ಯಂತ್ರವನ್ನು ನಿಲ್ಲಿಸಲು ಎದ್ದಳು. "ನಿಲ್ಲಿಸೋ ಹಾಗಿಲ್ಲ ಶೈಲು, ಪೊಲೀಸ್ ಆರ್ಡರ್" ಎಂದ ರುದ್ರೇಶ್. ಹೇಳುವಾಗ ಅವನ ಮುಖದಲ್ಲಿ ಸಂತೋಷ ಕಂಡಿತೆಂಬುದೇ ಅವನು ಮಾಡಿದ ದೊಡ್ಡ ತಪ್ಪು. ಅಂದಿನಿಂದ ಅವನ ಹಾಸಿಗೆ ಸಾಮಾನು ಕೋಣೆಗೆ ಹೋಯಿತು. ಚಳಿಗಾಲದಲ್ಲಿ ಅವನೊಬ್ಬನೇ ಬೆವರುತ್ತ ಮಲಗಿದ.

ಕಟ್ಟಡದಲ್ಲಿ ಎಲೆಯ ಮಾತೇ ಮಾತು. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರಿನ ಜಗಳ ನಿಂತು "ಇವತ್ತು ಎಷ್ಟು ಎಲೆ?" ಎಂಬ ಪ್ರಶ್ನೆ ಬರತೊಡಗಿತು. ಸಕ್ಕರೆ ಕೇಳುವ ನೆಪದಲ್ಲಿ ಬಂದವರೆಲ್ಲ ಇಣುಕಿ ನೋಡಿಯೇ ಹೋಗುತ್ತಿದ್ದರು. ದೃಷ್ಟಿಯ ಭಯಕ್ಕೆ ಚನಬಸಪ್ಪನವರು ಪ್ರತಿ ಲೋಟದ ಪಕ್ಕ ಒಂದೊಂದು ಇದ್ದಿಲ ಚೂರು ಇಟ್ಟರು. ನಾಗಲಕ್ಷ್ಮಮ್ಮನವರಂತೂ ಬೆಳಿಗ್ಗೆ ಕಾಫಿಯನ್ನು ಅಲ್ಲಿಯೇ ಕುಡಿಯುತ್ತಿದ್ದರು.

"ಬಂತೇನ್ರೀ?"

"ಬಂದಿದೆ. ಒಂಟಿ ದಳ."

"ಏಳಾದ್ರೆ ಏನ್ ಮಾಡ್ತೀರೋ ಏನೋ ಪಾಪ. ಜೈಲಲ್ಲಿ ಲಿಂಗಪೂಜೆಗೆ ಬಿಡ್ತಾರೋ ಇಲ್ವೋ, ಕೇಳಿಟ್ಕೊಂಡಿರಿ."

ಸಸಿಗಳು ಒಂದೂ ಸಾಯಲಿಲ್ಲ. ಬೆರಳುದ್ದ ಬೆಳೆದವು, ಹೊಳೆಯುವ ಎಲೆ ಬಿಟ್ಟವು. ಮೂರನೆಯ ಎಲೆ, ನಾಲ್ಕನೆಯ ಎಲೆ, ಎಲ್ಲವೂ ಒಂಟಿ. ಚನಬಸಪ್ಪನವರು ಉದ್ಧರಣೆ ಹಿಡಿದು ಅವುಗಳ ಮುಂದೆ ಕುಳಿತು, "ಮೂರು ಬಿಡ್ರಪ್ಪ, ಅವಳ ಹೆಸರು ಉಳಿಸ್ರಪ್ಪ" ಎಂದು ಬೇಡುತ್ತಿದ್ದರು. ಪುಣ್ಯಸ್ಮರಣೆಯ ದಿನ ಬಂದೇಬಿಟ್ಟಿತು.

ಕಟ್ಟಡದ ತಾರಸಿಯಲ್ಲಿ ಶಾಮಿಯಾನ ಹಾಕಿದ್ದರು. ಶಿವಲಿಂಗಮ್ಮನವರ ಭಾವಚಿತ್ರದ ಮುಂದೆ ಮೊಸರಿನ ಲೋಟಗಳು ಸಾಲಾಗಿ ನಿಂತವು. ದಾವಣಗೆರೆಯಿಂದ ಸಂಗಣ್ಣ ಒಂದು ವ್ಯಾನು ತುಂಬ ಬಂಧುಗಳನ್ನು ತಂದಿದ್ದ. ಬಂದವನೇ ಬಗ್ಗಿ ನೋಡಿದ.

"ಎಲ್ಲಿ ಭಾವ ಮೂರು ದಳ?"

"ಇನ್ನೂ ಎಳೇದು ಸಂಗಣ್ಣ" ಎಂದರು ಚನಬಸಪ್ಪನವರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

ಆಗಲೇ ಈರಪ್ಪ ಮೆಟ್ಟಿಲು ಹತ್ತಿ ಬಂದರು. ಬಂಧುಗಳ ನಡುವೆ ಪೊಲೀಸ್ ಟೋಪಿ ಕಂಡು ಪಿಸುಮಾತು ಎದ್ದಿತು. "ಇವತ್ತು ಗುರುವಾರ, ಅಡ್ಡಿ ಇಲ್ಲ" ಎನ್ನುತ್ತ ಅವರು ಟೋಪಿ ತೆಗೆದು ಭಾವಚಿತ್ರಕ್ಕೆ ಕೈಮುಗಿದರು. ಆಮೇಲೆ ಒಂದು ಎಲೆ ಚಿವುಟಿ, ಬೆರಳ ನಡುವೆ ಹೊಸಕಿ ಮೂಸಿದರು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಮೂಸಿ ನೀಲಪ್ಪನವರ ಮೂಗಿಗೆ ಹಿಡಿದರು. ನಾಗಲಕ್ಷ್ಮಮ್ಮ ಅದನ್ನು ಕಸಿದುಕೊಂಡರು.

"ಅಯ್ಯೋ, ಇದು ಹೆರಳೆ ಎಲೆ ಕಣ್ರೀ! ಮಜ್ಜಿಗೆಗೆ ಹಾಕ್ತೀವಲ್ಲ, ಹೆರಳೆ!"

ನಿತ್ಯ ಬಿಲ್ವಪತ್ರೆ ಏರಿಸುತ್ತಿದ್ದ ಚನಬಸಪ್ಪನವರು ಆ ಪತ್ರೆಯನ್ನು ಹೂವಿನವಳಿಂದ ಕೊಂಡಿದ್ದರೇ ಹೊರತು ಬಿಲ್ವದ ಬೀಜವನ್ನು ಎಂದೂ ನೋಡಿದವರಲ್ಲ.

"ಅಪ್ಪ" ಎಂದಳು ಶೈಲಜಾ. "ನರ್ಸರಿಯಿಂದ ತಂದ ಬೀಜ ಅಂದ್ಕೊಂಡಿದ್ದೆ. ಹಿತ್ತಾಳೆ ಭರಣೀಲಿದ್ದ ಬೀಜಾನೇ ಹಾಕಿದ್ದಾ?"

"ಜಗಲಿ ಮೇಲಿತ್ತಲ್ಲಮ್ಮ!"

"ಹೆರಳೆ ಬೀಜ ಬೇರೆ ಎಲ್ಲಿಟ್ರೂ ನೀವು ಕಸ ಅಂತ ಎಸೆದುಬಿಡ್ತೀರ ಅಂತಾನೇ ಅಮ್ಮ ಅಲ್ಲಿಟ್ಟಿದ್ದು. ಜಗಲಿ ಮೇಲಿಂದು ಮಾತ್ರ ನಿಮ್ಮಪ್ಪ ಮುಟ್ಟಲ್ಲ ಅಂತಿದ್ರು."

ಚನಬಸಪ್ಪನವರು ಸಂಗಣ್ಣನ ನಗುವಿಗಾಗಿ ತಲೆ ತಗ್ಗಿಸಿ ಕಾದರು. ನಗು ಬರಲಿಲ್ಲ. ಸಂಗಣ್ಣ ಎಲೆಯನ್ನು ಮೂಸುತ್ತ ನಿಂತುಬಿಟ್ಟಿದ್ದ.

"ನಮ್ಮ ಹಿತ್ತಲ ಹೆರಳೆ ಭಾವ ಇದು. ಅಕ್ಕ ಕಡೇ ಸಲ ಬಂದಾಗ ಸೆರಗಿನಾಗೆ ಹಣ್ಣು ಕಟ್ಕೊಂಡು ಹೋಗಿದ್ಲು. ಆಮೇಲೆ ರಸ್ತೆ ಅಗಲ ಮಾಡೋವಾಗ ಗಿಡ ಕಡಿದ್ರು. ಅವ್ವ ಹಾಕಿದ್ದು ಅದು." ಮೂಗು ಒರೆಸಿಕೊಂಡ. "ನಂಗೆ ಎರಡು ಕೊಡ್ರಿ."

"ನನಗೂ ಎರಡು" ಎಂದರು ನಾಗಲಕ್ಷ್ಮಮ್ಮ. "ಉಪ್ಪಿನಕಾಯಿ ಯಾವಾಗಿಂದ ಹಾಕ್ಬಹುದು?"

"ಕಾಯಿ ಬಿಡಾಕ ಆರೇಳು ವರ್ಷ ಬೇಕ್ರೀ" ಎಂದರು ಈರಪ್ಪ, ಒಂದು ಲೋಟವನ್ನು ಟೋಪಿಯೊಳಗೆ ಇಟ್ಟುಕೊಳ್ಳುತ್ತ.

"ಇನ್ನು ಮಷೀನ್ ಆಫ್ ಮಾಡ್ಬಹುದಾ ಸಾರ್?" ಎಂದು ರುದ್ರೇಶ್ ಅವರನ್ನು ಕೇಳಿದ.

ಈರಪ್ಪ ಬಾಯಿ ತೆರೆಯುವ ಮೊದಲೇ ಶೈಲಜಾ ಹೇಳಿದಳು: "ನಾನು ಬೆಳಿಗ್ಗೇನೇ ಮಾಡಿದೀನಿ. ನಾಳೆ ಮಾರೋಕೂ ಹೇಳಿದೀನಿ."

ಬಂಧುಗಳು ಸಾಲು ನಿಂತರು. ಸಸಿ ಕೊಡಬೇಕಾದ ಯಜಮಾನರು ಮಾತ್ರ ಸಾಲಿನ ಕಡೆ ಬರಲಿಲ್ಲ. ಅವರು ಭಾವಚಿತ್ರದ ಮುಂದೆ ಇದ್ದರು. ವರ್ಷದಿಂದ ಅದರ ಮುಂದೆ ಕೈಮುಗಿದು ತುಟಿ ಬಿಗಿದು ನಿಲ್ಲುತ್ತಿದ್ದವರು ಅಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಹೆರಳೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ನಾನು ಎಸೀತಿದ್ನೇ? ಯಾವತ್ತು ಎಸೆದಿದೀನಿ? ಪೊಲೀಸರು ಬಂದ್ರಲ್ಲೇ ಮನೆಗೆ! ಆ ನಾಗಲಕ್ಷ್ಮಮ್ಮ ದಿನಾ ಕಾಫಿ ಕುಡಿದುಕೊಂಡು..."

"ಅಪ್ಪ, ಎಲ್ಲರೂ ಕಾಯ್ತಿದಾರೆ, ಬನ್ನಿ" ಎಂದು ಶೈಲಜಾ ಕರೆದಳು.

ಚನಬಸಪ್ಪನವರು ತಿರುಗಲಿಲ್ಲ. "ಇರಮ್ಮ" ಎಂದರು. "ನಮ್ಮ ಮಾತು ಇನ್ನೂ ಮುಗಿದಿಲ್ಲ."